ನರ್ಸರಿ ಶಾಲೆಯ ಹಿಂಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಹಿಂದಿನ ದಿನ ನೆಗಡಿಯ ಬಗ್ಗೆ ಅರ್ಧ ಪುಟ ಬರೆದವಳು ಆ ಭಾನುವಾರ ಡೈರಿಯಲ್ಲಿ ಒಂದಕ್ಷರವನ್ನೂ ಬರೆದಿಲ್ಲ.

ಈ ಬೆಳಿಗ್ಗೆ ಲವಂಗದ ಡಬ್ಬಿ ತೆರೆದಾಗ ಅದೆಲ್ಲ ಎದ್ದು ಬಂತು. ಲವಂಗವೆಂದರೆ ನಿಮಗೆ ಪಲಾವ್ ನೆನಪಾಗಬಹುದು, ನನಗೆ ಚಿಕ್ಕಪ್ಪ ನೆನಪಾಗುತ್ತಾರೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅವರು ತರಗತಿಗೆ ಹೋಗುವ ಮುಂಚೆ ಎರಡು ಲವಂಗ ಅಗಿಯುತ್ತಿದ್ದರು. ಕುಡಿದ ವಾಸನೆ ಅದರಿಂದ ಮುಚ್ಚುತ್ತದೆಂದು ಅವರ ನಂಬಿಕೆ. ಕೊನೆಕೊನೆಗೆ ಲವಂಗದ ವಾಸನೆ ಬಂದರೇ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರಂತೆ.

ನಾನಾಗ ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ತೊಂಬತ್ತೆಂಟರ ಮಾತು. ಹೆಡ್‌ಮಾಸ್ಟರು ಇದೇ ಕೊನೆಯ ಸಲ ಎಂದಿದ್ದರು. ಚಿಕ್ಕಮ್ಮ ಗಲಾಟೆ ಮಾಡಲಿಲ್ಲ. ಮಗಳ ಬಟ್ಟೆಯನ್ನೂ ತನ್ನ ಬಟ್ಟೆಯನ್ನೂ ಒಂದು ಬ್ಯಾಗಿಗೆ ತುಂಬಿ ನಡುಮನೆಯಲ್ಲಿಟ್ಟು, “ಭಾನುವಾರ ಮೀಟಿಂಗಿಗೆ ಹೋದ್ರೆ ಸರಿ. ಇಲ್ದಿದ್ರೆ ಸೋಮವಾರ ನಾನು ಅರಕಲಗೂಡಿಗೆ” ಎಂದರು. ಅರಕಲಗೂಡು ಅವರ ತವರು.

ಕುಡಿತ ಬಿಡಬೇಕೆನ್ನುವವರೇ ಒಟ್ಟಿಗೆ ಕೂತು ಮಾತಾಡುವ ಸಭೆಗಳಿವೆ, ಅಲ್ಲಿ ಯಾರೂ ಊರು ಮನೆತನ ಕೇಳುವುದಿಲ್ಲ ಎಂದು ಒಬ್ಬ ಡಾಕ್ಟರು ಹೇಳಿದ್ದರು. ಎಲ್ಲಿಗೆ ಹೋಗುವುದೆಂದು ಮನೆಯಲ್ಲಿ ಹೆಣ್ಣು ನೋಡಲು ಹೊರಟವರಂತೆ ಚರ್ಚೆ ನಡೆಯಿತು. ಹೊಳೆನರಸೀಪುರದ ಮಾತೇ ಇಲ್ಲ. ಅರಕಲಗೂಡಿನಲ್ಲಿ ಚಿಕ್ಕಪ್ಪನ ಮಾವ, ಚನ್ನರಾಯಪಟ್ಟಣದಲ್ಲಿ ನಮ್ಮ ಸೋದರತ್ತೆ. ಉಳಿದದ್ದು ಹಾಸನ. ಓದಿದವಳು, ವಿಳಾಸ ಹುಡುಕುತ್ತಾಳೆ ಎಂದು ನನ್ನನ್ನು ಜೊತೆಗೆ ಕಳಿಸಿದರು.

ಡಾಕ್ಟರು ಬರೆದುಕೊಟ್ಟದ್ದು ಇಷ್ಟೇ: ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆ, ನರ್ಸರಿ ಶಾಲೆ, ನಾಲ್ಕು ಗಂಟೆ. ಹಾಸನದಲ್ಲಿ ಇಳಿದ ಮೇಲೆ ಚಿಕ್ಕಪ್ಪ ನನ್ನ ಪರಿಚಯವೇ ಇಲ್ಲದವರಂತೆ ಹತ್ತು ಹೆಜ್ಜೆ ಹಿಂದೆ ನಡೆದರು. ದಾರಿಯಲ್ಲಿ ವೈನ್ ಶಾಪುಗಳಿದ್ದವು. ಪ್ರತಿಯೊಂದನ್ನು ದಾಟಿದಾಗಲೂ ತಿರುಗಿ ನೋಡುತ್ತಿದ್ದೆ. ಇದ್ದಾರೆ. ಮುಂದಿನದು ದಾಟಿದೆ. ಇದ್ದಾರೆ. ನರ್ಸರಿ ಶಾಲೆ ಎಲ್ಲಿ ಎಂದು ಕೇಳಿದರೆ ಜನ ಇವತ್ತು ರಜ ಅಲ್ಲವೇ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಬಿಡಿಸಿ ಕೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಒಬ್ಬ ಬೀಡಾ ಅಂಗಡಿಯವನು ನನ್ನ ಹೆಗಲ ಮೇಲಿಂದ ಚಿಕ್ಕಪ್ಪನನ್ನು ನೋಡಿ, ದನಿ ಇಳಿಸಿ, “ಮೀಟಿಂಗ್ಗಾ? ಹಿಂದ್ಗಡೆ ಬಾಗ್ಲು ಕಣಕ್ಕಾ. ಚಪ್ಲಿ ಬುಟ್ಟಿರ್ತಾರೆ ನೋಡಿ, ಅದೇಯ” ಎಂದ.

ನಿಜಕ್ಕೂ ಚಪ್ಪಲಿಗಳಿದ್ದವು. ಒಳಗೆ ಅ ಆ ಇ ಈ ಪಟದ ಕೆಳಗೆ ಏಳೆಂಟು ಗಂಡಸರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಬಾಗಿಲಲ್ಲಿದ್ದ ಹಿರಿಯರೊಬ್ಬರು, “ಯಾರಮ್ಮ?” ಎಂದರು.

ನಮ್ಮ ಮನೆಯ ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸಿದ್ದರು. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಹಿರಿಯರು ಯಾರೆಂದು ಕೇಳಿದರೆ ಬರೀ ಹೆಸರು ಹೇಳಿದರೆ ಸಾಲದು, ತಾತನಿಂದ ಶುರು ಮಾಡಬೇಕು. ನಾನು ಶುರು ಮಾಡಿದೆ. ತಾತನ ಹೆಸರು, ಹೊಳೆನರಸೀಪುರದ ಬೀದಿ, ಇವರು ಅವರ ಎರಡನೇ ಮಗ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹಿರಿಯರು ಕೈ ಎತ್ತಿ ತಡೆಯುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದೆ.

ಮೂಲೆಯ ಕುರ್ಚಿಯಲ್ಲಿದ್ದ ಒಬ್ಬರು ತಲೆ ತಗ್ಗಿಸಿಕೊಂಡರು. ಚಿಕ್ಕಪ್ಪ ನನ್ನ ಮುಖವನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ನನ್ನ ಕಣ್ಣ ಮುಂದೆ ಇದ್ದದ್ದು ನಡುಮನೆಯ ಬ್ಯಾಗು.

ಮೂಲೆಯಲ್ಲಿದ್ದವರು ಎದ್ದು ಅವರ ಹಿಂದೆ ಹೋದರು. ನಮ್ಮೂರ ಹತ್ತಿರದ ಹರದನಹಳ್ಳಿ ಕಡೆಯ ರೈತರೆಂದು ಅವರ ಮಾತಿನಿಂದ ತಿಳಿಯಿತು.

“ಸಾ, ನನ್ ಮಗ್ಳು ನಿಮ್ ಸ್ಕೂಲ್ನಾಗೇ ಓದೋದು. ನಾನಿಲ್ಲಿಗ್ ಬರೋದು ಅವ್ಳಿಗೆ ಗೊತ್ತಿಲ್ಲ. ನೀವೇಳ್ಬ್ಯಾಡಿ, ನಾನೂ ಏಳಾಕಿಲ್ಲ. ಒಳೀಕ್ ಬನ್ನಿ.”

ಚಿಕ್ಕಪ್ಪ ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ, “ಯಾವ ಕ್ಲಾಸು?” ಎಂದರು.

“ಒಂಬತ್ತು, ಸಾ. ಲೆಕ್ಕದಾಗೇ ವೀಕು.”

“ಪಾಠ ನಾನೇ ಸರಿಯಾಗಿ ಮಾಡಿಲ್ಲ” ಎಂದು ಚಿಕ್ಕಪ್ಪ ಹೇಳಿದ್ದು ನನಗೆ ಕೇಳಿಸಿತು, ಅಥವಾ ಕೇಳಿಸಿತೆಂದು ಆಮೇಲೆ ನಾನೇ ಸೇರಿಸಿಕೊಂಡೆ. ಇಬ್ಬರೂ ಒಳಗೆ ಹೋದದ್ದು ಮಾತ್ರ ನಿಜ. ಬಾಗಿಲು ಹಾಕಿಕೊಂಡಿತು. ನಾನು ಒಂದು ಗಂಟೆ ಜಗಲಿಯಲ್ಲಿ ಕೂತು ಬಾಗಿಲನ್ನೇ ಕಾದೆ.

ಸೋಮವಾರ ಚಿಕ್ಕಮ್ಮ ಬ್ಯಾಗಿನಿಂದ ಬಟ್ಟೆ ತೆಗೆದರು, ಆದರೆ ಬ್ಯಾಗನ್ನು ಅಟ್ಟಕ್ಕೆ ಹಾಕಲು ವರ್ಷವೇ ಬೇಕಾಯಿತು. ನಡುವೆ ಎರಡು ಸಲ ಚಿಕ್ಕಪ್ಪ ಮತ್ತೆ ಕುಡಿತಕ್ಕೆ ಜಾರಿದರು, ಎರಡು ಸಲವೂ ತಾವೇ ಹಾಸನದ ಬಸ್ಸು ಹತ್ತಿದರು. ಹೋದ ವರ್ಷ ನಿವೃತ್ತರಾದರು. ಭಾನುವಾರ ಈಗಲೂ ತಪ್ಪಿಸುವುದಿಲ್ಲ.

ಇಷ್ಟು ವರ್ಷ ಇದನ್ನು ನನ್ನ ಪೆದ್ದುತನದ ಕಥೆಯಾಗಿ ಹೇಳಿಕೊಂಡು ನಕ್ಕಿದ್ದೇನೆ. ಈ ಬೆಳಿಗ್ಗೆ ನಗು ಬರಲಿಲ್ಲ. ಅಲ್ಲಿ ಯಾರೂ ಮನೆತನ ಕೇಳುವುದಿಲ್ಲವೆಂದು ನನಗೆ ಮುಂಚೆಯೇ ಗೊತ್ತಿತ್ತಲ್ಲ. ದಾರಿಯುದ್ದಕ್ಕೂ ಚಿಕ್ಕಪ್ಪನ ಮೇಲೆ ಎಷ್ಟು ಸಿಟ್ಟಿತ್ತೆಂಬುದೂ ನೆನಪಿದೆ. ಮನೆಯವರೆಲ್ಲ ಸೇರಿ ಮುಚ್ಚಿಟ್ಟದ್ದನ್ನು ಯಾರಾದರೂ ಒಬ್ಬರ ಮುಂದೆ ಹೇಳಿಬಿಡಬೇಕು ಅನ್ನಿಸಿರಲಿಲ್ಲವೇ?

ಮಧ್ಯಾಹ್ನ ಫೋನ್ ಮಾಡಿದೆ. ಇವತ್ತೂ ಭಾನುವಾರ, ಚಿಕ್ಕಪ್ಪ ಹಾಸನದ ಬಸ್ಸಿಗೆ ಹೊರಡುತ್ತಿದ್ದರು. “ಅವತ್ತು ಬಾಗಿಲಲ್ಲಿ ನಾನು ಬೇಕಂತಲೇ ಹೇಳ್ದೆ ಅಂತ ನಿಮಗೆ ಅನ್ನಿಸ್ತಾ, ಚಿಕ್ಕಪ್ಪ?” ಎಂದು ಕೇಳಿದೆ. “ಬಸ್ಸಿಗೆ ಹೊತ್ತಾಯ್ತು ಕಣಮ್ಮ” ಎಂದು ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟರು.