ಮಸಿಯಡಿಯ ಕೈ

ಖುರ್ನಾ ಗುಡ್ಡದ ಮೇಲೆ ಬೆಳಕು ಹರಿಯುವಷ್ಟರಲ್ಲಿ ವದೀದಾ ಫೇರೋಗಳ ಕಾಲದ ಚಿತ್ರಗೋರಿಯೊಳಗೆ ಇಳಿದಾಗಿದೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ಔಷಧಿ ನೀರಿನಲ್ಲಿ ಅದ್ದುತ್ತಾಳೆ, ಗೋಡೆಯ ಮೇಲೆ ಮೆಲ್ಲಗೆ ಉರುಳಿಸುತ್ತಾಳೆ. ಕಪ್ಪಾದರೆ ಎಸೆದು ಇನ್ನೊಂದು. ಉಜ್ಜುವಂತಿಲ್ಲ. ಉಜ್ಜಿದರೆ ಮಸಿಯ ಜೊತೆ ಸಾವಿರಾರು ವರ್ಷದ ಬಣ್ಣವೂ ಎದ್ದುಬರುತ್ತದೆ. ದಿನಕ್ಕೆ ಅಂಗೈಯಗಲ ಗೋಡೆ ಬೆಳಗಿದರೆ ಅದೇ ಹಬ್ಬ.

ಆ ಮಸಿ ಪರರದ್ದಲ್ಲ. ಸರ್ಕಾರ ಎಬ್ಬಿಸಿ ಕೆಳಗಿನ ಊರಿಗೆ ಕಳಿಸುವವರೆಗೂ ಅವಳ ಮನೆಯವರು ಬಾಳಿದ್ದು ಈ ಗೋರಿಯಲ್ಲೇ. ಇದು ಅವರ ಅಡುಗೆಮನೆ. "ನಮ್ಮಜ್ಜಿ ಹಿಡಿಸಿದ ಮಸೀನ ನಾನು ತೆಗೀತಿದೀನಿ. ಅದಕ್ಕೆ ಸಂಬಳ ಬೇರೆ!" ಎಂದು ನಗುತ್ತಾಳೆ.

ಮೊನ್ನೆ ಮಾತ್ರ ಆ ನಗು ನಿಂತುಹೋಯಿತು. ರೊಟ್ಟಿಬುಟ್ಟಿ ಹೊತ್ತ ಹೆಂಗಸಿನ ಚಿತ್ರವೊಂದು ಮಸಿಯಡಿಯಿಂದ ಹೊರಬರುತ್ತಿತ್ತು. ಮುಖವಿರಬೇಕಾದಲ್ಲಿ ಕಂದುಬಣ್ಣದ ಕೈಗುರುತು. ಮಗು ಹುಟ್ಟಿದಾಗ ಕುರಿ ಕೊಯ್ದು, ದೃಷ್ಟಿ ತಾಗದಿರಲೆಂದು ಗೋಡೆಗೆ ರಕ್ತದ ಕೈ ಒತ್ತುವುದು ಇಲ್ಲಿನವರ ರೂಢಿ.

"ಯಾವ ಕತ್ತೆ ಕಣೇ ಇದು? ಇಷ್ಟು ದೊಡ್ಡ ಗೋಡೇಲಿ ಇವಳ ಮುಖಾನೇ ಬೇಕಿತ್ತಾ!" ವದೀದಾ ಬೈದಳು.

"ನಿಮ್ಮನೆ ಕತ್ತೇನೇ ಇರ್ಬೇಕಕ್ಕಾ," ಜೊತೆಗೆ ಕೆಲಸ ಮಾಡುವ ಸನಿಯ್ಯಾ ಛೇಡಿಸಿದಳು.

ಇನ್ನೊಂದು ಹತ್ತಿ ಉರುಳಿತು. ಗುರುತಿನ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

ವದೀದಾ ಕಡ್ಡಿ ಕೆಳಗಿಟ್ಟಳು. ಮೇವು ಕತ್ತರಿಸುವಾಗ ಆ ಬೆರಳಿನ ಅರ್ಧ ಕಳೆದುಕೊಂಡವಳು ಅವಳ ತಾಯಿ. ಬಿಸಿಲಿಗೆ ಉಬ್ಬಲಿಟ್ಟ ರೊಟ್ಟಿಹಿಟ್ಟಿನ ಮೇಲೂ ಇದೇ ಗುರುತು ಮೂಡುತ್ತಿತ್ತು. ವದೀದಾ ಇನ್ನೂ ಅಮ್ಮನ ಲಂಗ ಹಿಡಿದು ಹಿಂದೆ ತಿರುಗುವ ವಯಸ್ಸಿನಲ್ಲೇ ಆ ತಾಯಿ ಮಣ್ಣು ಸೇರಿದಳು. ಒಂದು ಫೋಟೋ ಸಹ ಇಲ್ಲ.

ಮೇಲ್ವಿಚಾರಕ ರಿಫಾತ್ ಬಂದು ಗುರುತಿನ ಹತ್ತಿರ ದೀಪ ಹಿಡಿದು ನೋಡಿದ. "ಕೈಗುರುತು ತೆಗೆದು ಮುಖ ಹೊರತರಲೇಬೇಕು ತಾಯೀ. ಮೊದಲು ಅದರ ಫೋಟೋ ತೆಗೆದು ಕೊಡ್ತೀನಿ. ನೀವು ಮನೆಗೆ ಹೋಗಿ, ಸನಿಯ್ಯಾ ತೆಗೀಲಿ."

"ಮಗಳು ಬದುಕಿರುವಾಗ ಅಮ್ಮನ್ನ ಬೇರೆಯವರ ಕೈಲಿ ತೊಳೆಸ್ತಾರಾ, ಸಾಹೇಬ್ರೇ?"

ಇಂದು ಮುಂಜಾನೆ ಹತ್ತಿ ಅದ್ದುವ ಮೊದಲು ಗುರುತಿನೆದುರು ತನ್ನ ಅಂಗೈ ಹಿಡಿಯುತ್ತಾಳೆ, ತಾಗಿಸದೆ. ಅವಳ ಬೆರಳುಗಳು ಗುರುತನ್ನು ದಾಟಿ ನಿಲ್ಲುತ್ತವೆ.

"ನೋಡೇ ಸನಿಯ್ಯಾ, ಎಷ್ಟು ಪುಟ್ಟ ಕೈ! ನಮ್ಮಮ್ಮ ಇನ್ನೂ ಹುಡುಗಿ ಕಣೇ. ನನ್ನ ಮಗಳಿಗಿಂತ ಚಿಕ್ಕೋಳು."

ಸನಿಯ್ಯಾ ಈಗ ಛೇಡಿಸುವುದಿಲ್ಲ. ಹತ್ತಿ ಸುತ್ತಿ ಸುತ್ತಿ ಕೊಡುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಬೆರಳಿದ್ದ ಜಾಗದಲ್ಲಿ ಒಂದು ಕಣ್ಣು ತೆರೆದುಕೊಂಡಿದೆ. ನೋಡಲು ಬಗ್ಗಿದ ರಿಫಾತ್‌ನನ್ನು ವದೀದಾ ಮೊಣಕೈಯಿಂದ ತಡೆಯುತ್ತಾಳೆ.

"ಮುಟ್ಬೇಡಿ. ಇನ್ನೂ ಹಸಿಯಾಗಿದೆ."