ಗೋಡೆಗೆ ಮುಖ ಮಾಡಿದ್ದ ಬಂದೂಕು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಹೆಚ್ಚುಕಡಿಮೆ ಆಳುದ್ದದ ಬಂದೂಕು. ಎಣ್ಣೆಯಕ್ಕ ಹತ್ತಿಯ ಕೈಗವಸು ತೊಟ್ಟು, ಮದ್ದು ಜಡಿಯುವ ಕೋಲನ್ನು ನಳಿಗೆಯೊಳಗೆ ಇಳಿಬಿಡುತ್ತಾರೆ. ಎಲ್ಲಿಯವರೆಗೆ ಇಳಿಯಿತೆಂದು ಬೆರಳಿಟ್ಟು ಗುರುತು ಹಿಡಿದು, ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕೆ ಇಟ್ಟು ಅಳೆಯುತ್ತಾರೆ. ಬುಡ ಮುಟ್ಟಿದರೆ ಸರಿ. ನಾಲ್ಕು ಬೆರಳು ಕಡಿಮೆ ಬಂತೋ, ಒಳಗೆ ಯಾವ ಕಾಲದ್ದೋ ಮದ್ದುಗುಂಡು ಇನ್ನೂ ಕೂತಿದೆ ಎಂದರ್ಥ.

“ದಿನಾ ನೋಡೋ ಬಂದೂಕೇ. ಆದ್ರೂ ಅಳೀದೆ ಬಟ್ಟೆ ಮುಟ್ಟಿಸಲ್ಲ,” ಎನ್ನುತ್ತಾರೆ. “ನಮ್ಮೆಜಮಾನ್ರು ಕಲಿಸಿದ ಪಾಠ.”

ಮೈಯೆಲ್ಲ ಯಂತ್ರದೆಣ್ಣೆಯ ವಾಸನೆ, ಅದಕ್ಕೇ ಈ ಹೆಸರು. ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ. “ಕಾಲು ಚಾಚಿ ಕೂರ್ತೀನಿ, ಮಹಾರಾಣಿ ಥರ,” ಎಂದು ನಗುತ್ತಾರೆ. ಉರಿಯುವ ಬತ್ತಿಯಿಂದ ಹಾರಿಸುತ್ತಿದ್ದ ಕೋವಿಗಳಿಂದ ಹಿಡಿದು ಆರು ಗುಂಡಿನ ರಿವಾಲ್ವರಿನವರೆಗೆ ಈ ಕಟ್ಟಡದ ಮುನ್ನೂರು ಚಿಲ್ಲರೆ ಆಯುಧಗಳ ಮೈ ಒರೆಸುವುದು ಇವರೊಬ್ಬರೇ. ಚಳಿಗಾಲದಲ್ಲಿ ಬೆರಳ ಗಂಟುಗಳು ಊದಿಕೊಳ್ಳುತ್ತವೆ. ಥಂಡಿ ಹಿಡಿದರೆ ಉಕ್ಕಿಗೆ ತುಕ್ಕು, ಆದ್ದರಿಂದ ಆಗಲೇ ಕೆಲಸವೂ ದುಪ್ಪಟ್ಟು. ಕಾಗದದಲ್ಲಿ ಸುತ್ತಿದ ಹಳೆಯ ತೋಟಾಗಳ ಗಾಜಿನ ಪೆಟ್ಟಿಗೆಯ ಮುಂದೆ ಮಾತ್ರ ಒಂದು ಗಳಿಗೆ ನಿಲ್ಲುತ್ತಾರೆ. ಆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಹಾಗಾಗಿ ಮುಂದಿನ ಹಲ್ಲಿಲ್ಲದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. “ನೋಡಿ, ನಾನು ಬಚಾವ್,” ಎಂದು ತಮ್ಮ ಬೋಳು ವಸಡು ತೋರಿಸುತ್ತಾರೆ.

ಈ ಕೆಲಸದ ಮೊದಲ ನಿಯಮ, ಬರಿಗೈಯಲ್ಲಿ ಉಕ್ಕು ಮುಟ್ಟಬಾರದು. ಬೆವರಿನ ಉಪ್ಪು ಸಾಕು, ಕೆಲವೇ ದಿನಗಳಲ್ಲಿ ಬೆರಳಿನ ಗೆರೆಗೆರೆಯೂ ಕೆಂಪು ತುಕ್ಕಾಗಿ ಮೂಡುತ್ತದೆ. ಇವರಿಗಿಂತ ಮೊದಲು ಇದೇ ಮೇಜಿನ ಮುಂದೆ ಕೂರುತ್ತಿದ್ದ ಯಜಮಾನರು ಆ ನಿಯಮ ಮುರಿದದ್ದು ಒಂದೇ ಒಂದು ಸಲ. ಚಕಮಕಿ ಕಲ್ಲಿನ ಈ ಬಂದೂಕನ್ನೇ ಒರೆಸುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಕೈಗವಸು ಬಿಚ್ಚಿ ಫೋನ್ ಎತ್ತಿದರು. ಹೆಣ್ಣುಮಗು. ಮನುಷ್ಯನಿಗೆ ಮೈಮೇಲೆ ಪರಿವೆಯೇ ಇಲ್ಲ! ಬರಿಗೈಯಲ್ಲೇ ಬಂದೂಕನ್ನೆತ್ತಿ ಗೂಡಿನಲ್ಲಿಟ್ಟು ಓಡಿಬಿಟ್ಟರು. ರಜೆ ಮುಗಿಸಿ ಬಂದಾಗ, ಕಲ್ಲು ಕಚ್ಚಿ ಕಿಡಿ ಹಾರಿಸುವ ‘ಕುದುರೆ’ ಕೂತಿರುವ ಉಕ್ಕಿನ ತಟ್ಟೆಯ ಮೇಲೆ ಅವರ ಹೆಬ್ಬೆಟ್ಟು ಕೆಂಪಗೆ ಅರಳಿತ್ತು.

ಒರೆಸಲು ಅವರಿಗೆ ಕೈ ಬರಲಿಲ್ಲ. ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿಟ್ಟು, ತುಕ್ಕು ಹರಡದಂತೆ ವಾರವಾರ ಎಣ್ಣೆ ಸವರಿದರು. ಅವರು ತೀರಿಕೊಂಡ ಮೇಲೆ ಕೆಲಸ ಹೆಂಡತಿಗೆ ಬಂತು, ಗುಟ್ಟೂ ಬಂತು. ಬಂದೂಕಿನ ಹುಚ್ಚು ಹತ್ತಿದವರು ಬಂದು, “ಮುಖಾನೇ ಕಾಣಲ್ವಲ್ಲ, ಇದೆಂಥಾ ಜೋಡಣೆ?” ಎಂದು ಗೊಣಗಿ ಹೋಗುತ್ತಿದ್ದರು. ಎಣ್ಣೆಯಕ್ಕ ಪಕ್ಕದ ಗೂಡು ಒರೆಸುವುದರಲ್ಲಿ ಮುಳುಗಿಬಿಡುತ್ತಿದ್ದರು.

ಹೊಸದಾಗಿ ಬಂದ ಮೇಲಧಿಕಾರಿ ಮೇಡಂ ಮಾತ್ರ ಗೊಣಗಿ ಸುಮ್ಮನಾಗುವವರಲ್ಲ. ಬಂದೂಕನ್ನು ತಿರುಗಿಸಿಯೇಬಿಟ್ಟರು.

“ಅಕ್ಕಾ, ಇದೇನು ತುಕ್ಕು? ಶನಿವಾರದೊಳಗೆ ತೆಗೀಬೇಕು. ನಿಮ್ಮಿಂದ ಆಗದಿದ್ರೆ ಹೊರಗಿನವರನ್ನ ಕರೆಸ್ತೀನಿ.”

ಎಣ್ಣೆಯಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ. ಹೇಳಿಕೊಂಡರೆ ಸತ್ತವರ ಮೇಲೆ ತಪ್ಪು ಬರುತ್ತದೆ. ಸುಮ್ಮನಿದ್ದರೆ ಯಾರೋ ಬಂದು ಅವರನ್ನು ಉಜ್ಜಿ ಹಾಕುತ್ತಾರೆ. “ಯಾರೋ ಯಾಕೆ, ನಾನೇ ಮಾಡ್ತೀನಿ ಅಂದ್ಕೊಂಡೆ. ಕೊನೇ ಸಲ ಸ್ನಾನ ಮಾಡಿಸಿದ್ದೂ ನಾನೇ ಅಲ್ವಾ,” ಎನ್ನುತ್ತಾ ಕೈಯಲ್ಲಿನ ಬಟ್ಟೆಯ ಮಡಿಕೆ ಬದಲಿಸುತ್ತಾರೆ.

ಪಾತ್ರೆ ತಿಕ್ಕುವ ನಾರಿನಂಥ, ಆದರೆ ನವಿರಾದ ಕಂಚಿನ ನಾರನ್ನು ಎಣ್ಣೆಯಲ್ಲಿ ಅದ್ದಿ, ಮೆತ್ತಗೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಉಜ್ಜಿದರು. ನಡುನಡುವೆ ಒರೆಸಿದ ಬಟ್ಟೆಗೆ ಕೆಂಪು ಇಳಿಯುತ್ತ ಹೋಯಿತು. ಕಣ್ಣು ಮಂಜಾಗಿ ಏನೂ ಕಾಣದಾದಾಗ ಎದ್ದು, ಬಂದೂಕನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದರು. ತುಕ್ಕು ಪೂರಾ ಹೋಗಿತ್ತು. ಆದರೆ ಇಷ್ಟು ವರ್ಷ ಅದು ಸುಮ್ಮನೆ ಕೂತಿರಲಿಲ್ಲ, ಉಕ್ಕನ್ನು ಕೂದಲೆಳೆಯಷ್ಟು ತಿಂದಿತ್ತು. ಹೆಬ್ಬೆಟ್ಟಿನ ಸುತ್ತುಗಳು ಒಂದೂ ಬಿಡದೆ ತಟ್ಟೆಯಲ್ಲಿ ಕೊರೆದು ಕೂತಿದ್ದವು.

ಮೇಡಂ ಬಂದರು, ಬಗ್ಗಿ ನೋಡಿದರು. ಆ ಗೆರೆ ಹೋಗಬೇಕಾದರೆ ಉಕ್ಕನ್ನೇ ಅರೆದು ತೆಗೆಯಬೇಕು, ಹಳೆಯ ಆಯುಧದ ಮೈ ಅರೆಯುವಂತಿಲ್ಲ. ಅವರು ಎಣ್ಣೆಯಕ್ಕನ ಮುಖವನ್ನೊಮ್ಮೆ ನೋಡಿದರು. “ಇರ್ಲಿ ಬಿಡಿ. ಈ ಕಡೆಯೇ ಹೊರಗೆ ಕಾಣೋ ಹಾಗೆ ಇಡಿ,” ಎಂದರು. ಯಾರದೆಂದು ಕೇಳಲಿಲ್ಲ.

ಎಣ್ಣೆಯಕ್ಕ ಈಗ ಅದೇ ಬಂದೂಕನ್ನು ಒರೆಸಿ ಮುಗಿಸಿ, ಮುಖ ಹೊರಗೆ ಮಾಡಿ ಗೂಡಿಗೆ ಏರಿಸುತ್ತಾರೆ. ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳಿಗೆ ಇದೇನೂ ಗೊತ್ತಿಲ್ಲ. ಮುಂದಿನ ರಜೆಗೆ ಬಂದಾಗ ಎಲ್ಲರಂತೆ ಟಿಕೆಟ್ ಕೊಡಿಸಿ, ಮುಂಬಾಗಿಲಿನಿಂದಲೇ ಕರೆತರಬೇಕೆಂಬುದು ಇವರ ಆಸೆ.

“ಇಲ್ಲಿ ನಿಲ್ಲಿಸಿ ತೋರಿಸ್ತೀನಿ. ನಿಮ್ಮಪ್ಪ ಕೈಗವಸು ಮರೆತಿದ್ದು ಇದೊಂದೇ ದಿನ ಕಣೇ, ನೀನು ಹುಟ್ಟಿದ ದಿನ ಅಂತ.”