ಅತ್ತೆಯ ಒರಳೂ ಮಡಚುವ ಗಾಡಿಯೂ

ನನ್ನ ಗಂಡ ಬೆಂಗಳೂರಿನಿಂದ ತಂದ ವಸ್ತುಗಳಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಬಾಳಿದ್ದು ಆ ಮಡಚುವ ಗಾಡಿ ಒಂದೇ. ಅದಕ್ಕೆ ಮೊದಲು ತಂದ ಟಾರ್ಚು ಹಗಲಲ್ಲಿ ಮಾತ್ರ ಹತ್ತುತ್ತಿತ್ತು. ಛತ್ರಿ ಒಮ್ಮೆ ಬಿಚ್ಚಿಕೊಂಡದ್ದು ಮತ್ತೆ ಮುಚ್ಚಲೇ ಇಲ್ಲ. ಹಾಗಾಗಿ ರಾಯದುರ್ಗದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಇವರು ಗಾಡಿ ಬಿಚ್ಚಿ ನಿಲ್ಲಿಸಿದಾಗ ನಾನು ಮಗಳನ್ನು ಎತ್ತಿಕೊಂಡು ದೂರ ನಿಂತೆ. ಎರಡು ಚಕ್ರ, ಉದ್ದನೆಯ ಹಿಡಿ, ಸಾಮಾನು ಇಡಲು ಕೆಳಗೊಂದು ಕಬ್ಬಿಣದ ತಟ್ಟೆ, ಅದರ ಹಿಂದೆ ಕಾಲಿನಿಂದ ಒತ್ತುವ ಒಂದು ಪಟ್ಟಿ. ಪಟ್ಟಿ ಒತ್ತಿದರೆ ತಟ್ಟೆ ಸಡಿಲಾಗಿ ಇಡೀ ಗಾಡಿ ಮಡಚಿಕೊಂಡು ಮಂಚದ ಕೆಳಗೆ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಹೇರಿ ಬೀದಿಯಲ್ಲಿ ಒಂದು ಸುತ್ತು ಎಳೆದುಕೊಂಡು ಬಂದರು. ಇನ್ನೊಂದು ಸುತ್ತು ಯಾರೂ ಕೇಳಿರಲಿಲ್ಲ, ಆದರೂ ಹೋದರು.

ಆ ಗಾಡಿ ಬಂದದ್ದು ಸಿಲಿಂಡರಿಗಲ್ಲ, ಒಂದು ಕಲ್ಲಿಗೆ. ನಾವಿಬ್ಬರೂ ಮಡಕಶಿರದ ಕಡೆಯವರು. ಮದುವೆಯಾದ ಮರುವರ್ಷ ಜೀನ್ಸ್ ಹೊಲಿಯುವ ಕೆಲಸ ಹುಡುಕಿಕೊಂಡು ರಾಯದುರ್ಗಕ್ಕೆ ಬಂದಿದ್ದೆವು. ಇವರು ಒಂದು ಹೊಲಿಗೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಮನೆಯಲ್ಲಿ ಕೂತು ಹೊಲಿದ ಪ್ಯಾಂಟುಗಳಲ್ಲಿ ಮಿಕ್ಕ ದಾರ ಕತ್ತರಿಸುತ್ತಿದ್ದೆ. ಹೊಲಿಗೆ ನನಗೂ ಬರುತ್ತಿತ್ತು, ಇವರಿಗಿಂತ ನೆಟ್ಟಗೆ ಬರುತ್ತಿತ್ತು. ಇದನ್ನು ನಾನು ಹೇಳಿದರೆ ಇವರು ನಗುತ್ತಿದ್ದರು, ಶೆಡ್ಡಿನ ಮಾಲೀಕರು ಹೇಳಿದರೆ ಸುಮ್ಮನಾಗುತ್ತಿದ್ದರು. ಒಂದು ದಿನ ಮಾಲೀಕರೇ ಹೇಳಿ ಕಳಿಸಿದರು: ಒಂದು ಮಿಷನ್ನು ಖಾಲಿಯಾಗಿದೆ, ಸೋಮವಾರದಿಂದ ಬಂದು ಕೂರಬಹುದು, ಆದರೆ ಮಗುವನ್ನು ಒಳಗೆ ತರುವ ಹಾಗಿಲ್ಲ. ಮೋಟಾರು, ಸೂಜಿ, ಕತ್ತರಿಗಳ ನಡುವೆ ಒಂದೂವರೆ ವರ್ಷದ ಮಗು ಬೇಡ ಎಂದದ್ದರಲ್ಲಿ ತಪ್ಪೇನಿರಲಿಲ್ಲ. ಸೋಮವಾರ ನಾನು ಬರದಿದ್ದರೆ ಆ ಮಿಷನ್ನಿಗೆ ಬೇರೆಯವರು ಕೂರುತ್ತಾರೆ ಎಂದೂ ಹೇಳಿದ್ದರು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಆ ಮಿಷನ್ನು ನನಗೆ ಬೇಕಾಗಿತ್ತು, ಅಷ್ಟೇ.

ಮಗು ನೋಡಿಕೊಳ್ಳಲು ಇದ್ದವರು ಅತ್ತೆ ಒಬ್ಬರೇ. ಅವರು ಊರಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಕರೆಯಲು ಹೋದರೆ ಬರುವುದಿಲ್ಲ ಎಂದು ನೇರವಾಗಿ ಹೇಳುವ ಹೆಂಗಸಲ್ಲ ಆಕೆ. ತನ್ನ ಒರಳುಕಲ್ಲು ಎಲ್ಲಿರುತ್ತದೋ ತಾನೂ ಅಲ್ಲೇ ಎಂದರು. ಹಾಗಾದರೆ ಒರಳನ್ನೂ ತರುತ್ತೇವೆ ಎಂದೆ. ಆಗ ತಮ್ಮ ಅತ್ತೆಯ ಕಾಲದಿಂದ ನಡೆದುಬಂದ ಕಟ್ಟಳೆ ಹೊರಗೆ ಬಂತು: ಮನೆಯ ಒರಳು ಹೊಸಿಲು ದಾಟಿದ ಮೇಲೆ ಹೊಸ ಮನೆ ಸೇರುವ ತನಕ ನೆಲಕ್ಕೆ ತಾಗಬಾರದು. ತಾಗಿದರೆ ಅದಕ್ಕೆ ಅಲ್ಲೇ ನೆಲೆ, ಮತ್ತೆ ಎತ್ತುವಂತಿಲ್ಲ. ಮಡಕಶಿರದಿಂದ ರಾಯದುರ್ಗಕ್ಕೆ ಎರಡು ಬಸ್ಸು ಬದಲಿಸಬೇಕು. ಅಷ್ಟು ಭಾರದ ಕಲ್ಲನ್ನು ನೆಲಕ್ಕೆ ತಾಗಿಸದೆ ಸಾಗಿಸುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿಲ್ಲ ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯೊಂದು ಹುಟ್ಟಿದೆ ಎಂಬುದು ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಇವರು ಊರ ಅಂಗಳದಲ್ಲಿ ಗಾಡಿ ಬಿಚ್ಚಿದಾಗ ಅತ್ತೆಯ ಮುಖ ನೋಡಬೇಕಿತ್ತು. ಗಾಡಿಯನ್ನು ಮೂರು ಸುತ್ತು ಬಂದು, ಚಕ್ರ ಹಿಸುಕಿ ನೋಡಿ, ಕೊನೆಗೆ ಬೇರೆ ದಾರಿ ಕಾಣದೆ ಒರಳಿಗೆ ಅರಿಶಿನ ಕುಂಕುಮ ಹಚ್ಚಿದರು. ನಾಲ್ಕು ಜನ ಸೇರಿ ಒಳಗಿನಿಂದ ಎತ್ತಿ ನೇರವಾಗಿ ಗಾಡಿಯ ಮೇಲೆ ಇಟ್ಟರು. ರುಬ್ಬುವ ಗುಂಡನ್ನು ಒರಳಿನ ಕುಳಿಯಲ್ಲೇ ಕೂರಿಸಿ, ಅತ್ತೆ ತಮ್ಮ ಹಳೆಯ ಸೀರೆಯಿಂದ ಎರಡನ್ನೂ ಬಿಗಿದರು. ದೊಡ್ಡ ಸೊಸೆ ತುಂಬ ಉತ್ಸಾಹದಿಂದ ಬೀಳ್ಕೊಟ್ಟಳು. ಅವಳ ಮನೆಗೆ ಆಗಲೇ ಮಿಕ್ಸಿ ಬಂದಿತ್ತು.

ಮೊದಲ ಬಸ್ಸಿನ ಕಂಡಕ್ಟರು ಇದು ದೇವರೋ ಲಗೇಜೋ ಎಂದು ತೆಲುಗಿನಲ್ಲಿ ಕೇಳಿದ. ಮನೆ ಸೇರುವ ತನಕ ದೇವರು, ಆಮೇಲೆ ಚಟ್ನಿ ಕಲ್ಲು ಎಂದು ಅತ್ತೆಯೂ ತೆಲುಗಿನಲ್ಲೇ ಉತ್ತರ ಕೊಟ್ಟರು. ದೇವರಿಗೂ ಟಿಕೆಟ್ಟು ಹರಿದ. ಪಾವಗಡದ ಬಸ್ ನಿಲ್ದಾಣದಲ್ಲಿ ಕಟ್ಟಳೆಯ ವಿಷಯ ಹೇಗೋ ಬಾಯಿಂದ ಬಾಯಿಗೆ ಹರಡಿ, ಸುತ್ತ ಜನ ಕೂಡಿದರು. ಪಂಚೆ ಉಟ್ಟ ಹಿರಿಯರೊಬ್ಬರು ಚಕ್ರ ನೆಲದ ಮೇಲಿದೆ, ಚಕ್ರದ ಮೇಲೆ ಕಲ್ಲಿದೆ, ಅಂದ ಮೇಲೆ ಕಲ್ಲು ನೆಲಕ್ಕೆ ತಾಗಿದ ಹಾಗೇ ಆಯಿತು ಎಂದು ತೀರ್ಪು ಕೊಟ್ಟರು. ನಾನು ಅತ್ತೆಯ ಮುಖ ನೋಡಿದೆ. ವಾಪಸು ಹೋಗಲು ಅತ್ತೆಗೆ ಇಷ್ಟು ನೆಪ ಸಾಕಾಗಿತ್ತು. ಆದರೆ ಪರರು ತಮ್ಮ ಮನೆಯ ಕಟ್ಟಳೆಗೆ ಕೈ ಹಾಕುವುದನ್ನು ಅವರು ಎಂದೂ ಸಹಿಸಿದವರಲ್ಲ.

"ನೀನು ಚಪ್ಪಲಿ ಮೆಟ್ಕಂಡು ನಿಂತಿದ್ದೀಯಲ್ಲಪ್ಪ, ನಿನ್ ಕಾಲು ಮಣ್ಣಾಗೈತಾ?"

ಹಿರಿಯರು ತಮ್ಮ ಕಾಲು ನೋಡಿಕೊಂಡರು. ಜನ ನಕ್ಕು, ಅವರಲ್ಲೇ ಇಬ್ಬರು ಗಾಡಿಗೆ ಕೈ ಕೊಟ್ಟು ಕಲ್ಲನ್ನು ಎರಡನೆಯ ಬಸ್ಸಿಗೆ ಹತ್ತಿಸಿದರು. ಕಲ್ಯಾಣದುರ್ಗದಲ್ಲೂ ಹಾಗೇ ಯಾರ್‍ಯಾರೋ ನೆರವಾದರು. ಇವರು ಮಾತ್ರ ಎಲ್ಲರಿಗೂ ಗಾಡಿಯ ಗುಣಗಾನ ಮಾಡುತ್ತ, ಕಲ್ಲು ಎತ್ತುವ ಹೊತ್ತಿಗೆ ಸರಿಯಾಗಿ ಬೆವರು ಒರೆಸಿಕೊಳ್ಳುತ್ತಿದ್ದರು.

ರಾಯದುರ್ಗದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ನಮ್ಮ ಮನೆಗೆ ಹೋಗಬೇಕಾದರೆ ಹೊಲಿಗೆ ಶೆಡ್ಡಿನ ಮುಂದೆಯೇ ಹಾಯಬೇಕು, ಅಲ್ಲಿ ರಸ್ತೆ ಇಳಿಜಾರು. ಗಾಡಿ ಮುಂದೆ, ಇವರು ಹಿಂದೆ, ಮಗಳನ್ನು ಎತ್ತಿಕೊಂಡ ನಾನೂ ಅತ್ತೆಯೂ ಅವರ ಹಿಂದೆ. ಇಳಿಜಾರಿನಲ್ಲಿ ಕಲ್ಲಿನ ಭಾರಕ್ಕೆ ಗಾಡಿ ತಾನಾಗಿ ಓಡತೊಡಗಿತು. ಬೇರೆ ಯಾರಾಗಿದ್ದರೂ ಹಿಡಿಯನ್ನು ಹಿಂದಕ್ಕೆ ಜಗ್ಗುತ್ತಿದ್ದರು. ಇವರು ವರ್ಷಗಟ್ಟಲೆ ಜೀನ್ಸ್ ಮಿಷನ್ನು ತುಳಿದವರು. ಆ ಮಿಷನ್ನು ಓಡಿಹೋದರೆ ಹಿಮ್ಮಡಿಯಿಂದ ಪೆಡಲನ್ನು ಒತ್ತಿದರೆ ನಿಲ್ಲುತ್ತದೆ. ಇವರ ಬಲಗಾಲು ಯೋಚನೆ ಮಾಡಲಿಲ್ಲ, ಹಿಮ್ಮಡಿಯಿಂದ ಪಟ್ಟಿಯನ್ನು ಗಟ್ಟಿಯಾಗಿ ಒತ್ತಿತು. ಗಾಡಿ ತಾನು ಕಲಿತ ಒಂದೇ ಕೆಲಸವನ್ನು ಚೆನ್ನಾಗಿ ಮಾಡಿತು. ಮಡಚಿಕೊಂಡಿತು.

ಸೀರೆಯ ಗಂಟು ಜಾರಿ ಒರಳು ದೊಪ್ಪೆಂದು ಶೆಡ್ಡಿನ ಬಾಗಿಲ ಪಕ್ಕದಲ್ಲಿ, ಬೇವಿನ ಮರದ ಕೆಳಗೆ ನೆಟ್ಟಗೆ ಕುಳಿತಿತು. ಗುಂಡು ಉರುಳಿಕೊಂಡು ಶೆಡ್ಡಿನ ಒಳಗೇ ಹೋಯಿತು. ಒಂದೊಂದಾಗಿ ಮಿಷನ್ನುಗಳ ಸದ್ದು ನಿಂತಿತು. ಇವರು ಮಡಚಿದ ಗಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಕಾಶ ನೋಡುತ್ತ ನಿಂತರು.

ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಕಲ್ಲು ನೆಲ ಮುಟ್ಟಿತು. ಕಲ್ಲು ನಮ್ಮ ಮನೆಗೆ ಬರುವುದಿಲ್ಲ, ಅತ್ತೆಯೂ ಬರುವುದಿಲ್ಲ. ಸೋಮವಾರ ಆ ಮಿಷನ್ನಿನ ಮುಂದೆ ಬೇರೆ ಯಾರೋ ಕೂರುತ್ತಾರೆ. ನಡುಬೀದಿ ಎನ್ನುವುದನ್ನೂ ಮರೆತು ಗಂಡನನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು.

ಅತ್ತೆ ಒರಳಿನ ಪಕ್ಕ ಹೋಗಿ ನಿಂತರು. ಬೇವಿನ ನೆರಳಲ್ಲಿ ಐದಾರು ಹೆಂಗಸರು ಪ್ಯಾಂಟುಗಳ ರಾಶಿ ಹಾಕಿಕೊಂಡು ದಾರ ಕತ್ತರಿಸುತ್ತಿದ್ದರು. ಅವರಲ್ಲೊಬ್ಬಾಕೆ ಸರಿದು ಜಾಗ ಮಾಡಿ, "ಬರ್ರಿ ಅಮ್ಮಾ, ಕುಂದರ್ರಿ, ದಣದೀರಿ" ಎಂದಳು. ಇನ್ನೊಬ್ಬಾಕೆ ನೀರು ಕೊಟ್ಟಳು. ಅತ್ತೆ ಕುಳಿತು ನೀರು ಕುಡಿದರು. ನಮ್ಮ ಮನೆ ಎಲ್ಲಿ ಎಂದು ಕೇಳಿದರು. ಎರಡು ಬೀದಿ ಆಚೆ ಎಂದು ತೋರಿಸಿದೆ.

"ಅಲ್ಲಿ ಹಗಲೆಲ್ಲ ನಾನೂ ಮಗೂನೂ ಇಬ್ರೇನಾ?"

ಹೌದು ಎಂದೆ. ಊರು ಬಿಡಲು ಈ ಹೆಂಗಸು ಯಾಕೆ ಅಷ್ಟು ನೆಪ ಹುಡುಕುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ಗುರುತಿಲ್ಲದ ಊರಿನ ಒಂದು ಕೋಣೆಯಲ್ಲಿ ಬಾಗಿಲು ನೋಡುತ್ತ ಕೂರುವ ಭಯ ಅದು. ಅದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

"ಕಲ್ಲು ಇಲ್ಲೇ ಇಳೀತು ಕಣಮ್ಮ. ಇಲ್ಲೇ ಇರ್ಲಿ. ಹಗಲು ಮಗೀನ ಇಲ್ಲೇ ಆಡಿಸ್ಕತೀನಿ, ರಾತ್ರಿಗೆ ಮನೆಗೆ ಬತ್ತೀನಿ" ಎಂದರು ಅತ್ತೆ.

ಮಾಲೀಕರು ಹೊರಗೆ ಬಂದು, ಬಂಡಲ್ ಇಳಿಸುವ ಜಾಗ ಇದು, ಕಲ್ಲು ಎತ್ತಿಸಿ ಎಂದರು. ಅತ್ತೆ ತಗ್ಗಿದ ದನಿಯಲ್ಲಿ ಕಟ್ಟಳೆ ವಿವರಿಸಿದರು. ಎತ್ತಬಾರದ ಕಲ್ಲನ್ನು ಎತ್ತಿದವರ ಮನೆಗೇ ಅದು ಸೇರುತ್ತದಂತೆ, ಅದರ ಹಿಂದೆ ತಾವೂ ಸೇರುತ್ತಾರಂತೆ, ಊಟ ಎರಡೇ ಹೊತ್ತು ಸಾಕಂತೆ. ಈ ಎರಡನೆಯ ಭಾಗವನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಮಾಲೀಕರು ಅರಿಶಿನ ಕುಂಕುಮದ ಕಲ್ಲನ್ನೂ ಅತ್ತೆಯನ್ನೂ ನೋಡಿದರು. ಒಳಗೆ ಹೋಗಿ ಗುಂಡನ್ನು ತಾವೇ ಎತ್ತಿಕೊಂಡು ಬಂದು ಒರಳಿನಲ್ಲಿ ಇಟ್ಟರು. "ಇರ್ಲಿ ಬಿಡ್ರಿ" ಎಂದರು.

ಸೋಮವಾರ ನಾನು ಮಿಷನ್ನಿಗೆ ಕೂತೆ. ಕಿಟಕಿಯ ಆಚೆ ಅತ್ತೆ ಶೇಂಗಾ ಚಟ್ನಿ ರುಬ್ಬುತ್ತಿದ್ದರು. ಮಗಳು ಪಕ್ಕದಲ್ಲಿ ದಾರದ ತುಂಡುಗಳನ್ನು ಗುಡ್ಡೆ ಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಶೆಡ್ಡು ಆ ಚಟ್ನಿಯಲ್ಲೇ ಊಟ ಮಾಡಿ, ಕಲ್ಲು ಅಲ್ಲಿಂದ ಏಳದಂತೆ ನೋಡಿಕೊಳ್ಳಬೇಕೆಂದು ಮಾಲೀಕರಿಗೆ ಶಿಫಾರಸು ಮಾಡಿತು. ಊಟವಾದ ಮೇಲೆ ಅತ್ತೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಕಿಟಕಿಗೆ ಬಂದು ನಿಂತರು. ನಾನು ನೋಡಿಯೂ ನೋಡದ ಹಾಗೆ ಹೊಲಿಯುತ್ತಿದ್ದೆ. ತುಂಬ ಹೊತ್ತು ನಿಂತಿದ್ದರು. ಆಮೇಲೆ ದಾರ ಕತ್ತರಿಸುವ ಹೆಂಗಸರ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು.

"ನನ್ ಕಾಲ್ದಾಗೆ ಯಾರಾನ ಹಿಂಗೆ ಮಗೀನ ಹಿಡ್ಕಂಡಿದ್ರೆ, ನಾನೂ ಏನಾರ ಒಂದು ಕಲೀತಿದ್ದೆ."

ನನ್ನ ಹೊಲಿಗೆ ಡೊಂಕಾಯಿತು. ಕಣ್ಣು ಒರೆಸಿಕೊಂಡು, ಅಷ್ಟನ್ನೂ ಬಿಚ್ಚಿ, ಮತ್ತೆ ನೆಟ್ಟಗೆ ಹೊಲಿದೆ.